ಆ ಕನ್ನಡಕದ ರೋಲರ್ ಕೋಸ್ಟರ್ ಏನಾಯ್ತು ಸಾರ್?

ಕಳೆದ ವಾರ ರಾತ್ರಿ ಒಂಬತ್ತರ ಕಾರ್ಯಕ್ರಮ ಮುಗಿಸಿ ಮೇಕಪ್ ಒರೆಸಿಕೊಳ್ಳುತ್ತಾ ಕೂತಿದ್ದೆ. ರಿಸೆಪ್ಷನ್‌ನಿಂದ ಫೋನ್ ಬಂತು, ‘ದಾವಣಗೆರೆಯಿಂದ ಒಬ್ಬರು ಮೂರು ದಿನದಿಂದ ನಿಮ್ಮನ್ನೇ ಕೇಳ್ತಿದಾರೆ’ ಅಂತ. ಇಂಥ ಕರೆ ಬಂದರೆ ಎರಡರಲ್ಲಿ ಒಂದು ಖಾತ್ರಿ: ಬೀದಿ ದೀಪದ ಸಮಸ್ಯೆ, ಇಲ್ಲಾ ನಾನು ಯಾವುದೋ ಹೆಸರು ತಪ್ಪು ಉಚ್ಚರಿಸಿದ್ದೇನೆ. ಎರಡೂ ಆಗಿರಲಿಲ್ಲ. ನಿವೃತ್ತ ಹೈಸ್ಕೂಲ್ ಮೇಷ್ಟ್ರು, ವಿಜ್ಞಾನ ಪಾಠ ಮಾಡಿದವರು. ಅವರು ಕೇಳಿದ್ದು ಒಂದೇ ಪ್ರಶ್ನೆ.

‘ಕೆಲವು ವರ್ಷದ ಹಿಂದೆ ನೀವು ಟಿವಿಯಲ್ಲಿ ಹೇಳಿದ್ರಿ, ಕಣ್ಣಿಗೆ ಕನ್ನಡಕ ಕಟ್ಕೊಂಡು ಹತ್ತೋ ರೋಲರ್ ಕೋಸ್ಟರ್ ಬಂದಿದೆ, ಇನ್ಮುಂದೆ ಇದೇ ಭವಿಷ್ಯ ಅಂತ. ನಾನು ಅದನ್ನ ಕ್ಲಾಸಲ್ಲಿ ಮಕ್ಕಳಿಗೂ ಹೇಳಿದ್ದೆ. ಅದು ಏನಾಯ್ತು ಸಾರ್?’

ನನಗೆ ಮರೆತೇ ಹೋಗಿತ್ತು. ನಮ್ಮ ಕಸುಬೇ ಹಾಗೆ. ಬಂದಿದ್ದನ್ನ ಹೇಳ್ತೀವಿ, ಹೋಗಿದ್ದನ್ನ ಹೇಳಲ್ಲ. ಮಾರನೇ ದಿನ ಹಳೇ ಸ್ಕ್ರಿಪ್ಟ್ ಹುಡುಕಿಸಿದೆ. 2016ರ ಮಾರ್ಚ್ ಕೊನೆ. ನಾನಾಗ ಇಪ್ಪತ್ತೇಳರ ಹುಡುಗ, ಎಂಜಿನಿಯರಿಂಗ್ ಮುಗಿಸಿ ಸಾಫ್ಟ್‌ವೇರ್ ಬಿಟ್ಟು ಸುದ್ದಿಗೆ ಬಂದವನು. ಟೆಕ್ನಾಲಜಿ ಸುದ್ದಿ ಏನೇ ಬಂದರೂ ಡೆಸ್ಕ್‌ನಲ್ಲಿ ‘ಎಂಜಿನಿಯರ್‌ಗೆ ಕೊಡ್ರಪ್ಪ’ ಅಂತ ನನ್ನ ಕಡೆ ತಳ್ಳುತ್ತಿದ್ದರು. ಸ್ಕ್ರಿಪ್ಟ್‌ನಲ್ಲಿ ನನ್ನದೇ ವಾಕ್ಯ ಇದೆ: ‘ಜಗತ್ತಿನ ಮೊಟ್ಟಮೊದಲ ವರ್ಚುವಲ್ ರಿಯಾಲಿಟಿ ರೋಲರ್ ಕೋಸ್ಟರ್ ಇಂಗ್ಲೆಂಡ್‌ನಲ್ಲಿ ಶುರು!’ ಆಶ್ಚರ್ಯಸೂಚಕ ಚಿಹ್ನೆ ಬೇರೆ.

ಮೊದಲು ಆ ತಪ್ಪು ಒಪ್ಪಿಕೊಂಡುಬಿಡ್ತೀನಿ. ಅದು ಮೊಟ್ಟಮೊದಲನೆಯದಲ್ಲ. ಇಂಗ್ಲೆಂಡ್‌ನ ಆಲ್ಟನ್ ಟವರ್ಸ್ ಪಾರ್ಕ್‌ನವರು ‘ಗ್ಯಾಲಕ್ಟಿಕಾ’ ಅಂತ ಹೆಸರಿಟ್ಟು ಅದನ್ನು ಶುರು ಮಾಡಿದ್ದು 2016ರ ಮಾರ್ಚ್ 24ಕ್ಕೆ. ಅವರು ಹೇಳಿಕೊಂಡಿದ್ದು, ‘ಪೂರ್ತಿಯಾಗಿ ವರ್ಚುವಲ್ ರಿಯಾಲಿಟಿಗೇ ಮೀಸಲಾದ ಮೊದಲ ಕೋಸ್ಟರ್’ ಅಂತ. ‘ಪೂರ್ತಿಯಾಗಿ ಮೀಸಲಾದ’ ಅನ್ನೋದು ಪಟ್ಟಿಯಲ್ಲಿ ಹಿಡಿಸಲಿಲ್ಲ, ನಾನು ಕತ್ತರಿಸಿದೆ. ಅದಕ್ಕೂ ಆರು ತಿಂಗಳು ಮೊದಲೇ, 2015ರ ಸೆಪ್ಟೆಂಬರ್‌ನಲ್ಲಿ, ಜರ್ಮನಿಯ ಯುರೋಪಾ ಪಾರ್ಕ್‌ನಲ್ಲಿ ಆಲ್ಪೆನ್ ಎಕ್ಸ್‌ಪ್ರೆಸ್ ಅನ್ನೋ ಕೋಸ್ಟರ್‌ಗೆ ಈ ಕನ್ನಡಕ ಬಂದಾಗಿತ್ತು. ಅದು 1984ರ ಹಳೇ ರೈಲು, ಮಕ್ಕಳು ಮರಿ ಎಲ್ಲ ಹತ್ತುವಂಥದ್ದು. ಕನ್ನಡಕದ ಕೆಲಸದ ಹಿಂದೆ ಇದ್ದವರು ಥಾಮಸ್ ವಾಗ್ನರ್ ಅನ್ನೋ ಪ್ರೊಫೆಸರ್, ಕೈಸರ್‌ಸ್ಲಾಟರ್ನ್‌ನ ಕಾಲೇಜಿನಲ್ಲಿ ವರ್ಚುವಲ್ ಡಿಸೈನ್ ಕಲಿಸುವವರು. ಪಾರ್ಕ್ ನಡೆಸೋದು ಮ್ಯಾಕ್ ಕುಟುಂಬ. 1780ರಿಂದ ಕುದುರೆ ಸಾರೋಟು, ಬಂಡಿ, ಆಮೇಲೆ ಜಾತ್ರೆಯ ತೊಟ್ಟಿಲು, ಕೋಸ್ಟರ್ ಅಂತ ಮಾಡಿಕೊಂಡು ಬಂದ ಮನೆತನ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ. ಇದು ಕೆಲಸ ಮಾಡೋದು ಹೇಗೆ, ಮತ್ತೆ ಯಾಕೆ ನಿಂತುಹೋಯ್ತು? ಅವತ್ತು ನಾಲ್ಕು ನಿಮಿಷದ ಸ್ಲಾಟ್‌ನಲ್ಲಿ ಈ ಎರಡರಲ್ಲಿ ಒಂದನ್ನೂ ನಾನು ಹೇಳಿರಲಿಲ್ಲ.

ನಮ್ಮ ಬೆಂಗಳೂರಿನ ಮಾಲ್‌ಗಳಲ್ಲಿ ನೀವು ನೋಡಿರ್ತೀರಿ. ಮೊಟ್ಟೆ ಆಕಾರದ ಕುರ್ಚಿ, ಕಣ್ಣಿಗೆ ಒಂದು ಡಬ್ಬಿ. ಕೂತರೆ ರೋಲರ್ ಕೋಸ್ಟರ್ ಚಿತ್ರ ಓಡುತ್ತೆ. ನನ್ನ ಅಕ್ಕನ ಮಗನನ್ನು ಒಂದ್ಸಲ ಕೂರಿಸಿದ್ದೆ. ‘ಮಾವ, ಸೂಪರ್’ ಅಂತ ಶುರು ಮಾಡಿದವನು ಎರಡನೇ ಇಳಿಜಾರಿನಲ್ಲಿ ಮೌನವಾದ. ಇಳಿದ ಮೇಲೆ ಎಸ್ಕಲೇಟರ್ ಪಕ್ಕದ ಕುಂಡದಲ್ಲಿ ಬೆಳಗಿನ ಇಡ್ಲಿ ವಾಪಸ್ ಬಂತು. ಅಕ್ಕ ನನಗೆ ಬೈದಳು, ಕುರ್ಚಿಯವನು ಅಭ್ಯಾಸ ಇರೋ ಹಾಗೆ ಬಕೆಟ್ ತಂದ.

ಅದು ಯಾಕಾಯ್ತು ಅಂತ ಅರ್ಥವಾದರೆ ಅರ್ಧ ಕಥೆ ಅರ್ಥವಾದ ಹಾಗೆ. ನಮ್ಮ ಒಳಕಿವಿಯಲ್ಲಿ ಕೇಳೋ ಕೆಲಸಕ್ಕೆ ಸಂಬಂಧವೇ ಇಲ್ಲದ ಒಂದು ಯಂತ್ರ ಇದೆ. ಅರ್ಧಚಂದ್ರದ ಹಾಗಿರೋ ಮೂರು ಸಣ್ಣ ನಾಳ, ಅವುಗಳೊಳಗೆ ದ್ರವ. ತಲೆ ತಿರುಗಿದರೆ ದ್ರವ ಅಲುಗಾಡಿ ಮಿದುಳಿಗೆ ಸುದ್ದಿ ಹೋಗುತ್ತೆ. ಪಕ್ಕದಲ್ಲೇ ಸುಣ್ಣದ ಪುಟ್ಟ ಹರಳುಗಳಿರೋ ಇನ್ನೆರಡು ಚೀಲ. ಮುಂದಕ್ಕೆ ತಳ್ಳಿದ್ರಾ, ಮೇಲಕ್ಕೆ ಎತ್ತಿದ್ರಾ ಅಂತ ಅವು ಹೇಳ್ತವೆ. ಮಾಲ್ ಕುರ್ಚಿಯಲ್ಲಿ ಕಣ್ಣು ‘ಬಿದ್ವಿ, ಬಿದ್ವಿ’ ಅಂತ ಕೂಗುತ್ತೆ, ಕಿವಿ ‘ಎಲ್ಲಿ? ಕೂತಲ್ಲೇ ಇದೀವಲ್ಲ’ ಅನ್ನುತ್ತೆ. ಇಬ್ಬರು ಸಾಕ್ಷಿಗಳು ಎರಡು ಥರ ಹೇಳಿದಾಗ ಮಿದುಳಿಗೆ ಹೊಟ್ಟೆ ತೊಳಸುತ್ತೆ. ಚಾರ್ಮಾಡಿ ಘಾಟಿಯಲ್ಲಿ ಇದೇ ಉಲ್ಟಾ. ಮೊಬೈಲ್ ನೋಡ್ತಾ ಕೂತವರಿಗೆ ಕಣ್ಣು ‘ಅಲುಗಾಟವೇ ಇಲ್ಲ’ ಅನ್ನುತ್ತೆ, ಕಿವಿ ‘ತಿರುವು, ಮತ್ತೆ ತಿರುವು’ ಅನ್ನುತ್ತೆ. ಅವರೇ ಕಿಟಕಿ ಸೀಟು ಕೇಳೋದು, ನಿಂಬೆಹಣ್ಣು ಮೂಸೋದು. ಅದೇ ಬಸ್ಸಿನ ಡ್ರೈವರ್‌ಗೆ ಏನೂ ಆಗಲ್ಲ. ಮುಂದಿನ ತಿರುವು ಅವನ ಕಣ್ಣಿಗೆ ಮೊದಲೇ ಕಾಣ್ತಿರುತ್ತೆ.

ಹಾಗಾದ್ರೆ ಕಣ್ಣು ಮತ್ತು ಕಿವಿ ಎರಡೂ ಒಂದೇ ಸಾಕ್ಷ್ಯ ಹೇಳೋ ಹಾಗೆ ಮಾಡಿದ್ರೆ? ಕುರ್ಚಿ ಬದಲು ನಿಜವಾದ ರೈಲಿನಲ್ಲಿ ಕೂರಿಸಿ, ರೈಲು ಬೀಳುವಾಗಲೇ ಚಿತ್ರವೂ ಬೀಳೋ ಹಾಗೆ ಮಾಡಿದ್ರೆ? ಯೋಚನೆಯ ತಿರುಳು ಇಷ್ಟೇ. ಇದು ಬರೀ ಗಿಮಿಕ್ ಅಂತ ಕೆಲವರು ಬರೆದರು. ನಾನು ಒಪ್ಪಲ್ಲ. ಇದು ಒಳ್ಳೇ ಎಂಜಿನಿಯರಿಂಗ್ ಯೋಚನೆ.

ಆದರೆ ಮಾಡೋದು ಎಷ್ಟು ಕಷ್ಟ ಅಂತ ನೋಡಿ. ಈ ಕನ್ನಡಕದೊಳಗೆ ಗೈರೋಸ್ಕೋಪ್ ಅಂತ ಒಂದು ಸೆನ್ಸರ್ ಇರುತ್ತೆ, ನಿಮ್ಮ ಮೊಬೈಲ್‌ನಲ್ಲೂ ಇದೆ. ನೀವು ತಲೆ ಬಲಕ್ಕೆ ತಿರುಗಿಸಿದರೆ ಅದು ಅಳೆದು, ಚಿತ್ರದ ಬಲಭಾಗ ತೋರಿಸುತ್ತೆ. ಮನೆಯಲ್ಲಿ ಸೋಫಾ ಮೇಲೆ ಕೂತಾಗ ತೊಂದರೆ ಇಲ್ಲ. ಅದನ್ನೇ ಹಾಕ್ಕೊಂಡು ಆಗುಂಬೆ ಬಸ್ಸಿನಲ್ಲಿ ಕೂತ್ಕೊಳ್ಳಿ. ಹೇರ್‌ಪಿನ್ ತಿರುವಿನಲ್ಲಿ ಬಸ್ಸು ಪೂರ್ತಿ ಹಿಂದಕ್ಕೆ ತಿರುಗುತ್ತೆ. ನೀವು ಕತ್ತು ಅಲ್ಲಾಡಿಸಿಲ್ಲ. ಆದರೆ ಗೈರೋಸ್ಕೋಪ್‌ಗೆ ತಿರುಗಿದ್ದು ಬಸ್ಸೋ ನಿಮ್ಮ ತಲೆಯೋ ಗೊತ್ತಾಗಲ್ಲ. ಹಾಗಾಗಿ ಎದುರಿಗಿದ್ದ ಹೀರೋ ತಿರುವು ಮುಗಿಯೋ ಹೊತ್ತಿಗೆ ನಿಮ್ಮ ಬೆನ್ನ ಹಿಂದೆ ಹೋಗಿರ್ತಾನೆ!

ಇದಕ್ಕೆ ಪರಿಹಾರ ಕಳೆಯೋ ಲೆಕ್ಕ. ಕೋಸ್ಟರ್ ಹಳಿ ಎಲ್ಲೂ ಓಡಿಹೋಗಲ್ಲ. ಎಷ್ಟನೇ ಮೀಟರಿನಲ್ಲಿ ಎಷ್ಟು ಬಾಗಿದೆ ಅಂತ ಮೊದಲೇ ಅಳೆದಿಡಬಹುದು. ರೈಲಿಗೆ ಒಂದು ಸಣ್ಣ ಪೆಟ್ಟಿಗೆ ಜೋಡಿಸ್ತಾರೆ, ಅದು ಚಕ್ರ ಎಷ್ಟು ಸುತ್ತಿತು ಅಂತ ಎಣಿಸಿ, ರೈಲು ಈಗ ಎಲ್ಲಿದೆ ಅಂತ ಎಲ್ಲ ಕನ್ನಡಕಗಳಿಗೂ ವೈರ್ ಇಲ್ಲದೆ ಹೇಳ್ತಿರುತ್ತೆ. ಕನ್ನಡಕ ಅಳೆದ ಒಟ್ಟು ತಿರುವಿನಿಂದ ರೈಲಿನ ತಿರುವು ಕಳೆದರೆ ಉಳಿಯೋದು ನಿಮ್ಮ ಕತ್ತಿನ ತಿರುವು. ಹೇಳೋಕೆ ಸುಲಭ. ಆದರೆ ಈ ಲೆಕ್ಕವೆಲ್ಲ ಮುಗಿದು ಚಿತ್ರ ಕಣ್ಣಿಗೆ ಬೀಳೋದು ಸೆಕೆಂಡಿನ ಐವತ್ತನೇ ಒಂದು ಭಾಗದ ಆಸುಪಾಸಿನಲ್ಲಿ ಆಗಬೇಕು. ತಡವಾದರೆ ಮತ್ತೆ ಅದೇ ಇಡ್ಲಿ ಕಥೆ.

ಮೊದಲೇ ರೆಕಾರ್ಡ್ ಮಾಡಿದ ವಿಡಿಯೋ ಓಡಿಸಿದರೆ ಆಗಲ್ವಾ ಅಂತ ಮೇಷ್ಟ್ರು ಕೇಳಿದರು. ಆಗಲ್ಲ. ಮೇಲಿಂದ ಬಿಟ್ಟ ಮೇಲೆ ಕೋಸ್ಟರ್ ಓಡೋದು ಬರೀ ಗುರುತ್ವದಿಂದ. ಬೆಳಿಗ್ಗೆ ಚಳಿಯಲ್ಲಿ ಗ್ರೀಸ್ ಗಟ್ಟಿಯಾಗಿರುತ್ತೆ, ರೈಲು ನಿಧಾನ. ಮಧ್ಯಾಹ್ನ ಬಿಸಿಲಿಗೆ ಜೋರು. ಭರ್ತಿ ರೈಲಿನ ಓಟ ಬೇರೆ, ಅರ್ಧ ಖಾಲಿ ರೈಲಿನ ಓಟ ಬೇರೆ. ಅರ್ಧ ಸೆಕೆಂಡ್ ವ್ಯತ್ಯಾಸ ಬಂದರೂ ಚಿತ್ರದಲ್ಲಿ ನೇರ ಹೋಗ್ತಿರುವಾಗ ಮೈ ಎಡಕ್ಕೆ ಎಸೆದ ಹಾಗಾಗುತ್ತೆ. ಹಾಗಾಗಿ ಸಮಯ ನೋಡಿ ಚಿತ್ರ ಓಡಿಸೋ ಹಾಗಿಲ್ಲ, ಜಾಗ ನೋಡಿಯೇ ಓಡಿಸಬೇಕು.

ಇನ್ನೊಂದು ಸ್ವಾರಸ್ಯ ಇದೆ, ಅದನ್ನ ಬಿಡೋಕೆ ಮನಸ್ಸಿಲ್ಲ. ಮೊಬೈಲ್ ಯಾವ ಕಡೆ ‘ಕೆಳಗೆ’ ಅಂತ ಗುರುತಿಸೋದು ಗುರುತ್ವದ ಸೆಳೆತ ನೋಡಿ. ಗೈರೋಸ್ಕೋಪ್ ನಿಧಾನವಾಗಿ ದಾರಿ ತಪ್ಪಿದರೆ ಈ ‘ಕೆಳಗೆ’ಯನ್ನು ನೋಡಿ ಸರಿಮಾಡಿಕೊಳ್ಳುತ್ತೆ. ಚಿಕ್ಕವರಿದ್ದಾಗ ನೀರಿನ ಬಕೆಟ್ಟನ್ನ ತಲೆ ಮೇಲೆ ಗಿರ್ರನೆ ತಿರುಗಿಸಿದ್ದು ನೆನಪಿದೆಯಾ? ತಲೆಕೆಳಗಾದರೂ ನೀರು ಚೆಲ್ಲಲ್ಲ, ಯಾಕಂದ್ರೆ ಆ ಕ್ಷಣಕ್ಕೆ ನೀರಿನ ಪಾಲಿಗೆ ‘ಕೆಳಗೆ’ ಅಂದರೆ ಬಕೆಟ್ಟಿನ ತಳ. ಕೋಸ್ಟರ್‌ನಲ್ಲಿ ಕನ್ನಡಕದ ಪಾಡೂ ಬಕೆಟ್ಟಿನ ನೀರಿನ ಪಾಡೇ. ಪ್ರತಿ ತಿರುವಿನಲ್ಲೂ ಅದಕ್ಕೆ ‘ಕೆಳಗೆ’ ಬದಲಾಗುತ್ತೆ. ಸೋಫಾ ಮೇಲೆ ಕೂರೋರಿಗೆ ಮಾಡಿದ ಸಾಧನವನ್ನ ಅಲ್ಲಿಗೆ ತಗೊಂಡು ಹೋಗಿ ಅದು ದಾರಿ ತಪ್ಪದ ಹಾಗೆ ನೋಡಿಕೊಂಡವರಿಗೆ ನನ್ನ ಸಲಾಂ.

ಸರಿ, ಇಷ್ಟೆಲ್ಲ ಯಾಕೆ ಒದ್ದಾಡಿದರು? ದುಡ್ಡು. ಹೊಸ ದೊಡ್ಡ ಕೋಸ್ಟರ್ ಅಂದರೆ ನೂರು ಕೋಟಿ ರೂಪಾಯಿ ದಾಟೋದು ಮಾಮೂಲು. ಹಳೇ ಹಳಿಯ ಮೇಲೆ ಕನ್ನಡಕ ಕೊಟ್ಟರೆ ಅದರ ಸಣ್ಣ ಪಾಲಿನಲ್ಲಿ ‘ಹೊಸ ರೈಡ್’ ಅಂತ ಬೋರ್ಡ್ ಹಾಕಬಹುದು. ಇನ್ನೊಂದು ಲಾಭ ಏನಂದ್ರೆ, ಕಿವಿಗೆ ವೇಗ ಗೊತ್ತಾಗಲ್ಲ, ವೇಗದ ಬದಲಾವಣೆ ಮಾತ್ರ ಗೊತ್ತಾಗುತ್ತೆ. ವಿಮಾನದಲ್ಲಿ ಕಣ್ಣು ಮುಚ್ಚಿದರೆ ನಿಂತ ಹಾಗೇ ಇರಲ್ವಾ? ಹಾಗಾಗಿ ದಿಕ್ಕು ಮತ್ತು ಹೊತ್ತು ಸರಿ ಇಟ್ಟರೆ ಸಾಕು, ಹತ್ತು ಮೀಟರ್ ಇಳಿಜಾರನ್ನ ಚಿತ್ರದಲ್ಲಿ ಪ್ರಪಾತ ಮಾಡಬಹುದು. ಮಕ್ಕಳ ರೈಲು ಡ್ರ್ಯಾಗನ್ ಸವಾರಿ ಆಗುತ್ತೆ.

ಹಾಗಾಗಿ 2016 ಒಂದು ಥರ ಜಾತ್ರೆ ವರ್ಷ. ಅಮೆರಿಕದ ಸಿಕ್ಸ್ ಫ್ಲ್ಯಾಗ್ಸ್ ಕಂಪನಿ ಸ್ಯಾಮ್‌ಸಂಗ್ ಜೊತೆ ಸೇರಿ ಒಂಬತ್ತು ಪಾರ್ಕ್‌ಗಳಲ್ಲಿ ಗೇರ್ ವಿಆರ್ ಕನ್ನಡಕ ಕೊಡೋದಾಗಿ ಘೋಷಿಸಿತು. ಮೊಬೈಲ್ ಫೋನನ್ನೇ ಒಳಗೆ ಸಿಕ್ಕಿಸೋ ಕನ್ನಡಕ ಅದು. ಅದರಲ್ಲಿ 1976ರಲ್ಲಿ ಶುರುವಾದ ಕ್ಯಾಲಿಫೋರ್ನಿಯಾದ ರೆವಲ್ಯೂಷನ್ ಕೂಡ ಇತ್ತು, ರೈಲು ಪೂರ್ತಿ ಒಂದು ಲಂಬ ಸುತ್ತು ಹೊಡೆಯೋ ಆಧುನಿಕ ಕೋಸ್ಟರ್‌ಗಳ ಹಿರಿಯಣ್ಣ. ಜಪಾನಿನ ಒಸಾಕಾದ ಯೂನಿವರ್ಸಲ್ ಸ್ಟುಡಿಯೋಸ್‌ನಲ್ಲಿ ಅದೇ ವರ್ಷ ಜನವರಿಯಲ್ಲಿ ಶುರುವಾಯಿತು. 2017ರಲ್ಲಿ ಫ್ಲೋರಿಡಾದ ಸೀವರ್ಲ್ಡ್‌ನಲ್ಲಿ ಕ್ರಾಕೆನ್ ಅನ್ನೋ ದೈತ್ಯ ಕೋಸ್ಟರ್‌ಗೂ ಬಂತು.

ಮರುವರ್ಷ ಕ್ರಾಕೆನ್‌ನಿಂದ ಕನ್ನಡಕ ತೆಗೆದರು. ಗ್ಯಾಲಕ್ಟಿಕಾದಲ್ಲೂ ಕೆಲವೇ ವರ್ಷಕ್ಕೆ ತೆಗೆದರು. ಸಿಕ್ಸ್ ಫ್ಲ್ಯಾಗ್ಸ್‌ನವರೂ ಕೈಬಿಟ್ಟರು. ಯಾವ ಚಾನೆಲ್‌ನಲ್ಲೂ ಪಟ್ಟಿ ಓಡಲಿಲ್ಲ, ನಮ್ಮದರಲ್ಲೂ ಇಲ್ಲ.

ಸೋಲಿಸಿದ್ದು ಗೈರೋಸ್ಕೋಪ್ ಅಲ್ಲ, ಕ್ಯೂ. ಒಂದು ಲೆಕ್ಕ ಹಾಕೋಣ, ಅಂಕಿ ನನ್ನವು, ಉದಾಹರಣೆಗೆ ಅಂತ ಇಟ್ಟುಕೊಳ್ಳಿ. ಇಪ್ಪತ್ನಾಲ್ಕು ಸೀಟಿನ ರೈಲು, ಒಂದೂವರೆ ನಿಮಿಷಕ್ಕೊಂದು ಬಿಡ್ತಾರೆ. ಗಂಟೆಗೆ 40 ಸಲ, 960 ಜನ. ಈಗ ಪ್ರತಿಯೊಬ್ಬರಿಗೂ ಕನ್ನಡಕ ಹಾಕಿ, ಪಟ್ಟಿ ಬಿಗಿದು, ಗದ್ದದ ಕೆಳಗೆ ಕೊಕ್ಕೆ ಸಿಕ್ಕಿಸಿ, ‘ಚಿತ್ರ ಸ್ಪಷ್ಟ ಇದೆಯಾ’ ಅಂತ ಕೇಳಿ ಮುಂದೆ ಹೋಗೋಕೆ ಇಪ್ಪತ್ತೈದು ಸೆಕೆಂಡ್ ಅನ್ನಿ. ನಾಲ್ಕು ಜನ ಸಿಬ್ಬಂದಿ, ತಲಾ ಆರು ಜನ. ಎರಡೂವರೆ ನಿಮಿಷ ಹೆಚ್ಚುವರಿ. ನಾಲ್ಕು ನಿಮಿಷಕ್ಕೊಂದು ರೈಲು, ಗಂಟೆಗೆ ಹದಿನೈದು, 360 ಜನ. ಅಂದರೆ ಒಂದು ಗಂಟೆ ಕಾಯ್ತಿದ್ದ ಕೊನೆಯವನು ಎರಡು ಗಂಟೆ ನಲವತ್ತು ನಿಮಿಷ ಬಿಸಿಲಲ್ಲಿ ನಿಲ್ಲಬೇಕು, ಎರಡು ನಿಮಿಷದ ಸವಾರಿಗೆ. ಇದರ ಮೇಲೆ ಬೆವರು, ತಲೆಗೆ ಹಚ್ಚಿದ ಎಣ್ಣೆ, ಮಂಜಾದ ಲೆನ್ಸು, ಪವರ್ ಕನ್ನಡಕದವರು, ಬ್ಯಾಟರಿ ಇಳಿದ ಫೋನು. ಒಂದೊಂದು ಸವಾರಿಗೂ ಎಲ್ಲವನ್ನೂ ಒರೆಸಬೇಕು. ಜೊತೆಗೆ ಆ ಕನ್ನಡಕಕ್ಕೆ ಹದಿಮೂರು ವರ್ಷ ದಾಟಿರಬೇಕು ಅಂತ ನಿಯಮ. ಅಪ್ಪ ಹಾಕ್ಕೋಬಹುದು, ಅದೇ ರೈಲು ಹತ್ತೋ ಹತ್ತು ವರ್ಷದ ಮಗಳಿಗಿಲ್ಲ. ಫ್ಯಾಮಿಲಿ ಪಾರ್ಕ್ ಬಾಗಿಲಲ್ಲಿ ಆ ಜಗಳ ಬಿಡಿಸೋರು ಯಾರು?

ನನ್ನನ್ನ ಹೆಚ್ಚು ಯೋಚಿಸೋ ಹಾಗೆ ಮಾಡಿದ್ದು ಬೇರೆ ವಿಷಯ. ಗ್ಯಾಲಕ್ಟಿಕಾ ಶುರುವಾಗೋಕೆ ಒಂಬತ್ತು ತಿಂಗಳು ಮೊದಲು, 2015ರ ಜೂನ್ 2ರಂದು, ಅದೇ ಆಲ್ಟನ್ ಟವರ್ಸ್‌ನ ‘ಸ್ಮೈಲರ್’ ಅನ್ನೋ ಕೋಸ್ಟರ್‌ನಲ್ಲಿ ಅಪಘಾತ ಆಗಿತ್ತು. ಪರೀಕ್ಷೆಗೆ ಬಿಟ್ಟ ಖಾಲಿ ರೈಲು ಮಧ್ಯದಲ್ಲಿ ನಿಂತಿತ್ತು. ಹಿಂದೆ ಜನ ತುಂಬಿದ ರೈಲನ್ನು ಕಂಪ್ಯೂಟರ್ ತಡೆದು ನಿಲ್ಲಿಸಿತು. ಮುಂದೆ ಖಾಲಿ ರೈಲು ಇದೆ ಅಂತ ಗೊತ್ತಿಲ್ಲದ ಸಿಬ್ಬಂದಿ, ಕಂಪ್ಯೂಟರ್‌ದೇ ತಪ್ಪಿರಬೇಕು ಅಂದುಕೊಂಡು ಅದನ್ನ ಮೀರಿ ರೈಲು ಬಿಟ್ಟರು. ಹದಿನಾರು ಜನ ಇದ್ದರು. ಇಬ್ಬರು ಹುಡುಗಿಯರು ಒಂದೊಂದು ಕಾಲು ಕಳೆದುಕೊಂಡರು. 2016ರ ಸೆಪ್ಟೆಂಬರ್‌ನಲ್ಲಿ ಕೋರ್ಟು ಕಂಪನಿಗೆ 50 ಲಕ್ಷ ಪೌಂಡ್ ದಂಡ ಹಾಕಿತು. ಆ ಅಪಘಾತಕ್ಕೂ ಕನ್ನಡಕಕ್ಕೂ ಸಂಬಂಧ ಇಲ್ಲ, ಇದನ್ನ ಒತ್ತಿ ಹೇಳ್ತೀನಿ. ಕನ್ನಡಕದಿಂದ ದೊಡ್ಡ ಅಪಘಾತ ಆಯ್ತು ಅಂತಲೂ ನಾನು ಹೇಳ್ತಿಲ್ಲ. ಆದರೆ ರೈಲು ಹೊರಡೋ ಮುಂಚೆ ಪ್ಲಾಟ್‌ಫಾರ್ಮ್ ಮೇಲಿರೋ ಹುಡುಗ ಹುಡುಗಿಯರ ಮುಖ್ಯ ಕೆಲಸ ಒಂದೇ: ಎದೆ ಮೇಲಿನ ಕಬ್ಬಿಣದ ಪಟ್ಟಿ ಬಿಗಿಯಾಗಿದೆಯಾ ಅಂತ ಎಳೆದು ನೋಡೋದು. ಅದೇ ಕೈಗೆ ಈಗ ಇನ್ನೊಂದು ಪಟ್ಟಿ. ಅದೂ ‘ಬೇಗ, ಬೇಗ, ಕ್ಯೂ ಬೆಳೀತಿದೆ’ ಅನ್ನೋ ಒತ್ತಡದಲ್ಲಿ. ಕಾರ್ಖಾನೆಯಲ್ಲಿ ಒಂದು ದಿನ ಕೆಲಸ ಮಾಡಿದವರಿಗೂ ಇದರ ಅಪಾಯ ಗೊತ್ತು.

ಕೂತವರ ಕಡೆಯಿಂದಲೂ ನೋಡಿ. ಎದುರಿಗೆ ತಿರುವು ಕಂಡರೆ ಕತ್ತಿನ ಸ್ನಾಯು ತಾನಾಗಿ ಬಿಗಿಯಾಗುತ್ತೆ. ಕನ್ನಡಕ ಮಧ್ಯದಲ್ಲಿ ಕೈಕೊಟ್ಟು ಕತ್ತಲಾದರೆ ನಿಮ್ಮನ್ನ ಕಣ್ಣು ಕಟ್ಟಿ ರೈಲಿಗೆ ಎಸೆದ ಹಾಗೆ. ಏನೋ ತೊಂದರೆಯಾಗಿ ರೈಲು ಎತ್ತರದಲ್ಲಿ ನಿಂತುಬಿಟ್ಟರೆ, ಚಿತ್ರದೊಳಗಿರೋ ಮನುಷ್ಯನಿಗೆ ನೀನೀಗ ನೂರಡಿ ಎತ್ತರದಲ್ಲಿದ್ದೀಯ, ಅಲ್ಲಾಡಬೇಡ ಅಂತ ಯಾರು ಹೇಳಬೇಕು?

ಪೂರ್ತಿ ಸತ್ತುಹೋಯ್ತಾ ಅಂದರೆ ಅದೂ ಇಲ್ಲ. ಮೊದಲು ಶುರು ಮಾಡಿದ ಜರ್ಮನ್ನರೇ ಪಾಠ ಕಲಿತರು. 2018ರಲ್ಲಿ ಯೂರೋಸ್ಯಾಟ್ ಅನ್ನೋ ತಮ್ಮ ಹಳೇ ಒಳಾಂಗಣ ಕೋಸ್ಟರನ್ನ ಹೊಸದಾಗಿ ಕಟ್ಟಿದಾಗ, ಕನ್ನಡಕ ಬೇಕು ಅನ್ನೋರಿಗೆ ಹತ್ತೋ ಜಾಗವೇ ಬೇರೆ ಮಾಡಿದರು. ಬೇಕಾದವರು ಪ್ರತ್ಯೇಕ ದುಡ್ಡು ಕೊಟ್ಟು ಅಲ್ಲಿ ಹೋಗ್ತಿದ್ದರು, ಉಳಿದವರ ಸರದಿ ನಿಲ್ತಿರಲಿಲ್ಲ. ಕತ್ತಲೆ ಕಟ್ಟಡದೊಳಗಿನ ಕೋಸ್ಟರ್ ಆದ್ದರಿಂದ ಹೊರಗಿನ ನೋಟ ಕಳೆದುಕೊಂಡೆ ಅನ್ನೋ ಕೊರಗೂ ಇರಲಿಲ್ಲ. ಒಸಾಕಾದಲ್ಲೂ ಹೀಗೇ ಒಳಾಂಗಣದ್ದು. ಅಲ್ಲಿ 2021ರಲ್ಲಿ ಬಂದ ಮಾರಿಯೋ ಕಾರ್ಟ್ ರೈಡ್‌ನವರು ಇನ್ನೂ ಜಾಣರು. ಅದು ಕೋಸ್ಟರ್ ಅಲ್ಲ, ನಿಧಾನದ ಗಾಡಿ. ತಲೆಗೆ ಹಾಕೋ ಟೋಪಿಯಂಥ ಪಟ್ಟಿಯನ್ನ ಕ್ಯೂನಲ್ಲೇ ಕೊಟ್ಟು ನೀವೇ ಬಿಗಿದುಕೊಳ್ಳೋ ಹಾಗೆ ಮಾಡಿದರು, ಗಾಡಿಯಲ್ಲಿ ಕೂತ ಮೇಲೆ ಗಾಜನ್ನ ಅದಕ್ಕೆ ಅಂಟಿಸಿದರೆ ಮುಗೀತು. ಗಾಜು ಪಾರದರ್ಶಕ. ಎದುರಿನ ನಿಜವಾದ ಸೆಟ್ಟೂ ಕಾಣುತ್ತೆ, ಅದರ ಮೇಲೆ ಬೊಂಬೆಗಳೂ ಕಾಣ್ತವೆ.

ಇಷ್ಟನ್ನೂ ಮೇಷ್ಟ್ರಿಗೆ ಫೋನ್‌ನಲ್ಲಿ ಹೇಳಿದೆ, ಮುಕ್ಕಾಲು ಗಂಟೆ ಹಿಡಿಯಿತು. ಬಕೆಟ್ ಉದಾಹರಣೆ ಅವರಿಗೆ ಹಿಡಿಸಿತು, ‘ಅದು ನಾನೇ ಕ್ಲಾಸಲ್ಲಿ ಮಾಡಿ ತೋರಿಸ್ತಿದ್ದೆ, ಒಂದ್ಸಲ ಹೆಡ್‌ಮೇಷ್ಟ್ರ ಮೇಲೆ ಚೆಲ್ಲಿದ್ದೆ’ ಅಂದರು. ಫೋನ್ ಇಡೋ ಮೊದಲು ಇನ್ನೊಂದು ಕೇಳಿದರು.

‘ಕನ್ನಡಕ ತೆಗೆದುಬಿಟ್ರಲ್ಲ, ಅದನ್ನ ನಿಮ್ಮ ಟಿವಿಯಲ್ಲಿ ಯಾವತ್ತು ಹೇಳಿದ್ರಿ? ನಾನು ತಪ್ಪಿಸಿಕೊಂಡಿರಬೇಕು.’

ತಪ್ಪಿಸಿಕೊಂಡಿಲ್ಲ ಮೇಷ್ಟ್ರೇ, ಇವತ್ತೇ ಹೇಳ್ತಿರೋದು.